ವಿಷಯ: ಮೂರನೇ ಇನ್‌ಕ್ಯುಬೇಟರ್

ನನಗೆ ಇಮೇಲ್ ಬರೆಯಲು ಕಲಿಸಿದವರು ಮುಝಫ್ಫರ್ ಸಾಹೇಬರು. ಅವರ ಹೆಸರೆತ್ತಿದರೆ ಈಗಲೂ ನನಗೆ ಮೈ ಉರಿಯುತ್ತದೆ. ತಪ್ಪನ್ನೆಲ್ಲ ಅವರ ತಲೆಗೇ ಕಟ್ಟಿ ನಾನು ಕೈ ತೊಳೆದುಕೊಳ್ಳೋಣವೆಂದರೆ ಅದೂ ಸಾಧ್ಯವಿಲ್ಲ. ಅವರು ಕಲಿಸಿದರು ಸರಿ, ಕುಣಿದಾಡಿ ಕಲಿತವಳು ನಾನು.

ಸೌದಿ ಅರೇಬಿಯಾದ ತಾಯಿಫ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಎಂಟು ವರ್ಷ ದುಡಿದೆ. ಕೊನೆಯ ಮೂರು ವರ್ಷ ನರ್ಸರಿಯ ಚಾರ್ಜ್ ನರ್ಸ್ ಆಗಿದ್ದೆ. ನರ್ಸರಿ ಎಂದರೆ ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು ಉಳಿಸಿಕೊಳ್ಳುವ ವಾರ್ಡ್. ಆ ಪೆಟ್ಟಿಗೆಗೇ ಇನ್‌ಕ್ಯುಬೇಟರ್ ಎನ್ನುವುದು. ನಮ್ಮಲ್ಲಿ ಅಂಥವು ಐದಿದ್ದವು. ಮುಝಫ್ಫರ್ ಸಾಹೇಬರು ನರ್ಸಿಂಗ್ ಆಫೀಸಿನ ಕೋಆರ್ಡಿನೇಟರ್, ಭಟ್ಕಳದವರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಇಂಗ್ಲಿಷ್. ನರ್ಸ್‌ಗಳಿಂದ ಯಾವ ವಿಭಾಗಕ್ಕೆ ಏನೇ ಹೋಗಬೇಕಾದರೂ ಅವರ ಮೂಲಕವೇ ಹೋಗಬೇಕಿತ್ತು.

ನಾನು ಕಟಪಾಡಿಯ ಕನ್ನಡ ಶಾಲೆಯಲ್ಲಿ ಓದಿದವಳು. ಚಾರ್ಜ್ ನರ್ಸ್ ಆದ ಮೊದಲ ವಾರ ನಾನೊಂದು ಮೇಲ್ ಬರೆದಿದ್ದೆ. ನಾಲ್ಕನೇ ಇನ್‌ಕ್ಯುಬೇಟರಿನ ಮೇಲಿನ ದೀಪ ಉರಿಯುತ್ತಿಲ್ಲ, ಇವತ್ತು ಜನ ಕಳಿಸಿ, ಅಷ್ಟೇ. ಮರುದಿನದ ಮೀಟಿಂಗಿನಲ್ಲಿ ಮುಝಫ್ಫರ್ ಸಾಹೇಬರು ಅದನ್ನು ಎಲ್ಲರೆದುರು ಓದಿ, “ಸಿಸ್ಟರ್ ವಸಂತಿ ನಮ್ಮ ಇಂಜಿನಿಯರುಗಳಿಗೆ ಆರ್ಡರ್ ಪಾಸ್ ಮಾಡಿದ್ದಾರೆ” ಎಂದರು. ಕೇರಳದವರು, ಫಿಲಿಪ್ಪೀನಿನವರು, ಈಜಿಪ್ಟಿನವರು, ಎಲ್ಲರೂ ಸೇರಿ ನಕ್ಕರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ದೀಪವನ್ನು ಹಿಂದಿನ ದಿನ ಮಧ್ಯಾಹ್ನವೇ ಸರಿಮಾಡಿ ಹೋಗಿದ್ದರು ಎಂಬುದು ಅಲ್ಲಿ ಯಾರಿಗೂ ಮುಖ್ಯವಾಗಲಿಲ್ಲ, ನನಗೂ ಆಗಲಿಲ್ಲ.

ಅದಾದ ಮೇಲೆ ಅವರು ನಮಗೆಲ್ಲ ಒಂದು ದಿನದ ತರಬೇತಿ ಇಟ್ಟರು. ಸ್ಪಷ್ಟವಾಗಿ, ವೃತ್ತಿಪರವಾಗಿ ಇಮೇಲ್ ಬರೆಯುವುದು ಹೇಗೆ ಎಂಬ ತರಬೇತಿ. ಸ್ಪಷ್ಟ ಎಂಬ ಮಾತು ಬೋರ್ಡಿನ ಮೇಲೆ ಮಾತ್ರ ಇತ್ತು. ‘ಕೆಟ್ಟಿದೆ’ ಎಂದು ಬರೆಯಬಾರದು, ‘ಗಮನ ಬೇಕಾಗಿದೆ’ ಎನ್ನಬೇಕು. ದೊಡ್ಡವರಿಗೆ ಬರೆಯುವಾಗ ‘ಇವತ್ತು’ ಎನ್ನಬಾರದು, ‘ತಮ್ಮ ಅನುಕೂಲದ ಸಮಯದಲ್ಲಿ’ ಎನ್ನಬೇಕು. ಯಾವ ಯಂತ್ರ, ಏನಾಗಿದೆ ಎಂಬುದನ್ನು ಫೋನಿನಲ್ಲಿ ಹೇಳಬೇಕು. ಮೇಲ್ ಇರುವುದು ಬರೀ ನೆನಪಿಸುವುದಕ್ಕೆ. ಬರೆದಿಟ್ಟರೆ ಅದು ದೂರಾಗುತ್ತದೆ, ದೂರು ಕೊಟ್ಟವಳನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ ಎಂದರು. ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ಆರೇ ತಿಂಗಳಲ್ಲಿ ನನ್ನ ಮೇಲ್ ಒಂದನ್ನು ಮುಂದಿನ ತರಬೇತಿಯಲ್ಲಿ ಮಾದರಿಯೆಂದು ಗೋಡೆಯ ಮೇಲೆ ತೋರಿಸಿದರು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಇವತ್ತು ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

2015ರ ಮೇ ತಿಂಗಳು. ಶಹಲಾ ಬಂದು ನನ್ನ ತೋಳು ಹಿಡಿದಳು. ಅವಳು ಉಪ್ಪಿನಂಗಡಿಯ ಹುಡುಗಿ, ಇಪ್ಪತ್ತಾರು ವರ್ಷ, ನಮ್ಮಲ್ಲಿಗೆ ಬಂದು ಎರಡನೇ ವರ್ಷ. ಮಾತು ಜಾಸ್ತಿ, ಕೆಲಸ ಅದಕ್ಕಿಂತ ಜಾಸ್ತಿ.

“ವಸಂತಿಯಕ್ಕ, ಈ ಮೂರನೆಯದ್ದು ಸುಳ್ಳು ಹೇಳ್ತದೆ. ಕೈ ಹಾಕಿ ನೋಡಿ ಒಮ್ಮೆ. ಸ್ಕ್ರೀನಲ್ಲಿ ಮೂವತ್ತಾರೂವರೆ ಉಂಟು, ಮಗು ಕಾದು ಹೋಗಿದೆ!”

ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ. ಮೂವತ್ತೆಂಟೂವರೆ. ಮಗುವಿನ ಮೈಗೆ ಅಂಟಿಸುವ ತಂತಿ ಎರಡು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಮಗುವಿಗೆ ಚಳಿಯಾಗಿದೆ ಎಂದುಕೊಂಡು ಯಂತ್ರ ಇನ್ನಷ್ಟು ಬಿಸಿ ಊದುತ್ತಿತ್ತು. ತಂತಿ ಬದಲಿಸಿ ನೋಡಿದೆವು, ಅದೇ ಕಥೆ. ಕೂಡಲೇ ಮುಝಫ್ಫರ್ ಸಾಹೇಬರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ನಾನು ಇಂಜಿನಿಯರ್ ಝಿಯಾವುದ್ದೀನ್‌ಗೆ ಹೇಳ್ತೇನೆ ಸಿಸ್ಟರ್. ಮೇಲಲ್ಲಿ ಮಾತ್ರ ಯಂತ್ರದ ನಂಬರ್ ಎಲ್ಲ ಹಾಕ್ಬೇಡಿ. ಇನ್ಸ್‌ಪೆಕ್ಷನ್ ಹತ್ತಿರ ಬಂತು, ಅವರು ಮೇಲ್ ತೆಗೆದು ನೋಡ್ತಾರೆ. ನೆನಪಿಗೆ ಅಂತ ಒಂದು ಸಾಲು ಬರೆದು ಬಿಡಿ. ಚೆಂದ ಮಾಡಿ, ನಿಮಗೆ ಹೇಳ್ಬೇಕಾ!”

ಚೆಂದ ಮಾಡಿಯೇ ಬರೆದೆ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡಕ್ಕೆ ತಂದರೆ ಹೀಗಿರುತ್ತದೆ: ‘ವಿಷಯ: ಒಂದು ವಿನಮ್ರ ಕೋರಿಕೆ. ಮಾನ್ಯರೇ, ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಮ್ಮ ವಾರ್ಡಿನ ಬಗ್ಗೆ ತಾವು ಸದಾ ತೋರುವ ಕಾಳಜಿಗೆ ಕೃತಜ್ಞಳಾಗಿದ್ದೇನೆ. ದೂರವಾಣಿಯಲ್ಲಿ ಚರ್ಚಿಸಿದ ವಿಷಯಕ್ಕೆ ಸಂಬಂಧಿಸಿ, ತಮ್ಮ ಕೆಲಸದ ಒತ್ತಡದ ನಡುವೆ, ಅನುಕೂಲವಾದಾಗ ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ.’

ಅಷ್ಟುದ್ದದ ಮೇಲ್‌ನಲ್ಲಿ ಇನ್‌ಕ್ಯುಬೇಟರ್ ಎಂಬ ಶಬ್ದವೇ ಇಲ್ಲ! ಸಾಹೇಬರಿಂದ ಉತ್ತರ ಬಂತು: ‘ಗಮನಿಸಲಾಗಿದೆ, ಧನ್ಯವಾದಗಳು.’ ಯಾರೂ ಬರಲಿಲ್ಲ. ಎರಡು ವಾರ ಬಿಟ್ಟು ಇನ್ನೊಂದು ಬರೆದೆ, ಜೂನ್ ಮೊದಲ ವಾರ ಮತ್ತೊಂದು. ಒಂದಕ್ಕಿಂತ ಒಂದು ನಯ, ಒಂದಕ್ಕಿಂತ ಒಂದು ಟೊಳ್ಳು. ಉತ್ತರ ಮಾತ್ರ ಅದೇ. ಅಲ್ಲಿಯವರೆಗೆ ನಾವೇ ಒಂದು ದಾರಿ ಮಾಡಿಕೊಂಡೆವು. ಮೂರನೆಯದನ್ನು ಆದಷ್ಟು ಖಾಲಿ ಬಿಡುವುದು, ಮಗು ಇಡಲೇಬೇಕಾಗಿ ಬಂದರೆ ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟು ನೋಡುವುದು. ಪಾಳಿ ಬದಲಾಗುವಾಗ ಇದನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆವು. ಪುಸ್ತಕದಲ್ಲಿ ಬರೆದರೆ ಇನ್ಸ್‌ಪೆಕ್ಷನ್‌ನವರು ನೋಡುತ್ತಾರಲ್ಲ, ಅದಕ್ಕೆ ಬರೆಯಲಿಲ್ಲ.

ಜೂನ್ ಕೊನೆ, ರಂಜಾನ್ ಹದಿಮೂರು. ಬೇಸಿಗೆಯಲ್ಲಿ ಜಿದ್ದಾ, ರಿಯಾದ್‌ನ ಕುಟುಂಬಗಳೆಲ್ಲ ತಂಪಿಗೆ ತಾಯಿಫ್ ಬೆಟ್ಟ ಹತ್ತುತ್ತವೆ, ಆಸ್ಪತ್ರೆ ತುಂಬಿ ತುಳುಕುತ್ತದೆ. ನಾಲ್ಕು ಜನ ಇರಬೇಕಾದ ಹಗಲು ಪಾಳಿಯಲ್ಲಿ ನಾನು ಮತ್ತು ಶಹಲಾ ಇಬ್ಬರೇ. ಶಹಲಾಳಿಗೆ ಉಪವಾಸ ಬೇರೆ. ಯೆಮನ್‌ನ ಒಬ್ಬ ಬೇಕರಿ ಕೆಲಸಗಾರನ ಹೆಂಡತಿಗೆ ಮೂವತ್ತೊಂದನೇ ವಾರಕ್ಕೇ ಹೆರಿಗೆಯಾಯಿತು. ಹೆಣ್ಣುಮಗು. ಉಳಿದ ನಾಲ್ಕು ಪೆಟ್ಟಿಗೆಯಲ್ಲೂ ಮಕ್ಕಳಿದ್ದವು.

“ಅಕ್ಕ, ಮೂರನೆಯದಕ್ಕಾ?” ಎಂದು ಶಹಲಾ ನನ್ನ ಮುಖ ನೋಡಿದಳು.

“ಬೇರೆ ಎಲ್ಲಿಡುವುದು ಮಾರಾಯ್ತಿ? ಅರ್ಧ ಗಂಟೆಗೊಮ್ಮೆ ನೋಡ್ತಾ ಇರು.”

ಹನ್ನೊಂದು ಗಂಟೆಗೆ ಆಪರೇಷನ್ ಥಿಯೇಟರಿನಲ್ಲಿ ಅವಳಿ ಮಕ್ಕಳ ಹೆರಿಗೆ ಎಂದು ನನ್ನನ್ನು ಕರೆದರು. ನಾನು ಆ ಕಡೆ ಹೋದ ಸ್ವಲ್ಪ ಹೊತ್ತಿಗೆ ಐದನೇ ಪೆಟ್ಟಿಗೆಯ ಮಗು ಉಸಿರಾಡುವುದನ್ನು ನಿಲ್ಲಿಸಿತು. ಶಹಲಾ ಡ್ಯೂಟಿ ಡಾಕ್ಟರರನ್ನು ಕರೆದು, ಅವರ ಜೊತೆ ನಿಂತು ಆ ಮಗುವಿಗೆ ಬ್ಯಾಗ್ ಒತ್ತಿ ಉಸಿರು ಕೊಟ್ಟಳು. ಮುಕ್ಕಾಲು ಗಂಟೆ ಅವಳು ಅಲ್ಲಿಂದ ಅಲ್ಲಾಡುವ ಹಾಗಿರಲಿಲ್ಲ. ಆ ಮಗು ಉಳಿಯಿತು. ತಿರುಗಿ ನೋಡಿದರೆ ಮೂರನೇ ಪೆಟ್ಟಿಗೆಯ ಮಗು ಕೆಂಪಾಗಿ, ಕೈಕಾಲು ಸೆಳೆಯುತ್ತಿತ್ತು. ಮೈಬಿಸಿ ನಲವತ್ತು. ಸ್ಕ್ರೀನಿನಲ್ಲಿ ಆಗಲೂ ಮೂವತ್ತಾರೂವರೆ. ಒಂದು ಅಲಾರಂ ಕೂಡ ಹೊಡೆದಿರಲಿಲ್ಲ.

ಮಗುವನ್ನು ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಮೂರು ದಿನಕ್ಕೆ ಸೆಳೆತ ನಿಂತಿತು, ಜೀವಕ್ಕೆ ಅಪಾಯವಿಲ್ಲ ಎಂದರು. ಮೆದುಳಿಗೆ ಪೆಟ್ಟಾಗಿದೆಯೇ ಎಂಬುದು ದೊಡ್ಡದಾದ ಮೇಲೆ ಗೊತ್ತಾಗಬೇಕು ಎಂದೂ ಹೇಳಿದರು. ತಂದೆ ದೂರು ಕೊಟ್ಟ. ಕೊಡದೆ ಏನು ಮಾಡಿಯಾನು? ಅವನ ಜಾಗದಲ್ಲಿ ನಾನಿದ್ದರೆ ಆಸ್ಪತ್ರೆಯ ಗಾಜು ಒಡೆದು ಹಾಕುತ್ತಿದ್ದೆ.

ಆಸ್ಪತ್ರೆಯ ಒಳಗೇ ವಿಚಾರಣೆ ಎಂದಾಯಿತು. ನರ್ಸಿನ ನಿರ್ಲಕ್ಷ್ಯ ಎಂದು ತೀರ್ಮಾನವಾದರೆ ಶಹಲಾಳ ಲೈಸೆನ್ಸ್ ರದ್ದಾಗುತ್ತಿತ್ತು. ಲೈಸೆನ್ಸ್ ಹೋದವಳನ್ನು ಕೊಲ್ಲಿಯ ಯಾವ ಆಸ್ಪತ್ರೆಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಊರಿನಲ್ಲೂ ಕೆಲಸ ಸಿಗುವುದು ಕಷ್ಟ. ಅವಳಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ. ಆದರೂ ಹಾಸ್ಟೆಲಿನಲ್ಲಿ ಅವಳೇ ನನಗೆ ಧೈರ್ಯ ಹೇಳಿದಳು.

“ನನಗೆ ಎಂತ ಹೆದರಿಕೆ ಇಲ್ಲ ಅಕ್ಕ. ನೀವು ಮೂರು ಸಲ ಮೇಲ್ ಹಾಕಿದ್ದೀರಲ್ಲ. ಅದನ್ನು ತೋರಿಸಿದರೆ ಮುಗೀತು.”

ಆ ಮೇಲ್‌ಗಳಲ್ಲಿ ಏನಿದೆ, ಏನಿಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ತಟ್ಟೆ ತೊಳೆಯಲು ಎದ್ದುಹೋದೆ.

ವಿಚಾರಣೆ ನಡೆಸಿದವರು ಮೆಡಿಕಲ್ ಡೈರೆಕ್ಟರ್ ಡಾಕ್ಟರ್ ಯಹ್ಯಾ, ಸುಡಾನಿನ ಹಿರಿಯರು. ಕೂಗಾಡುವ ಮನುಷ್ಯ ಅಲ್ಲ. ನನ್ನ ಜೊತೆ ಶಹಲಾ, ಮುಝಫ್ಫರ್ ಸಾಹೇಬರು, ಇಂಜಿನಿಯರ್ ಝಿಯಾವುದ್ದೀನ್ ಮೂವರನ್ನೂ ಕರೆಸಿದ್ದರು. ನನ್ನ ಮೂರೂ ಮೇಲ್‌ಗಳನ್ನು ಪ್ರಿಂಟ್ ತೆಗೆಸಿ ಎದುರಿಗಿಟ್ಟುಕೊಂಡಿದ್ದರು. ಮೊದಲಿನಿಂದ ಕೊನೆಯವರೆಗೆ ಓದಿದರು. ಕನ್ನಡಕ ತೆಗೆದು ಕೇಳಿದರು:

“ಸಿಸ್ಟರ್, ಇದರಲ್ಲಿ ಯಂತ್ರ ಎಲ್ಲಿದೆ?”

“ಫೋನಿನಲ್ಲಿ ಹೇಳಿದ್ದೆ ಡಾಕ್ಟರ್. ಮುಝಫ್ಫರ್ ಅವರಿಗೆ.”

ಮುಝಫ್ಫರ್ ಸಾಹೇಬರು ಮೊಬೈಲಿನಿಂದ ತಲೆಯೆತ್ತಿದರು. “ಸಿಸ್ಟರ್ ಫೋನ್ ಮಾಡಿದ್ದು ನಿಜ. ನನ್ನ ನೆನಪಿನ ಪ್ರಕಾರ ಅದು ಬೆಡ್‌ಶೀಟ್ ಸಾಲದು ಎಂಬ ವಿಷಯ” ಎಂದರು. ಅವರ ದನಿ ಒಂಚೂರೂ ನಡುಗಲಿಲ್ಲ. ಝಿಯಾವುದ್ದೀನ್ ಹೈದರಾಬಾದಿನವನು, ತನಗೆ ಯಾರೂ ಏನೂ ಹೇಳಿರಲಿಲ್ಲ ಎಂದ. ಅವನು ಹೇಳಿದ್ದು ಸುಳ್ಳಿರಲಾರದು. ಘಟನೆ ಆದ ಮೇಲೆ ಖಾಲಿ ಪೆಟ್ಟಿಗೆಯನ್ನು ಹತ್ತು ನಿಮಿಷ ಓಡಿಸಿ, ಯಂತ್ರ ಸರಿಯಿದೆ ಎಂದು ಸಹಿ ಹಾಕಿದ್ದ.

ಬೆಡ್‌ಶೀಟ್ ಅಂತೆ! ನಾಚಿಕೆಗೆಟ್ಟ ಮನುಷ್ಯ. ಅಲ್ಲೇ ಎದ್ದು ನಿಂತು ಕೂಗಬೇಕಿತ್ತು. ಆದರೆ ನನ್ನ ಮೂರು ಮೇಲ್‌ಗಳಿಗೆ ಬೆಡ್‌ಶೀಟ್ ಎಂದರೂ ಸರಿಹೋಗುತ್ತಿತ್ತು, ಎಸಿ ಎಂದರೂ ಸರಿಹೋಗುತ್ತಿತ್ತು. ಯಾವ ಸುಳ್ಳನ್ನು ತಂದಿಟ್ಟರೂ ಹಿಡಿಯುವಷ್ಟು ಜಾಗ ಬಿಟ್ಟು ಬರೆದವಳು ನಾನೇ. ಶಹಲಾ ಆ ಕಾಗದಗಳನ್ನು ಕೈಗೆತ್ತಿಕೊಂಡು ಒಂದೊಂದಾಗಿ ಓದಿದಳು. ಅವಳು ನನ್ನ ಮೇಲ್‌ಗಳನ್ನು ನೋಡಿದ್ದು ಅದೇ ಮೊದಲು. ಓದಿ ಮೇಜಿನ ಮೇಲಿಟ್ಟಳು. ಅವತ್ತಿನಿಂದ ಅವಳು ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಸಾಹೇಬರು ನನ್ನ ಪಕ್ಕಕ್ಕೆ ಬಂದರು. “ನೀವು ತಲೆಬಿಸಿ ಮಾಡ್ಬೇಡಿ ಸಿಸ್ಟರ್. ನಿಮ್ಮ ಹೆಸರು ಎಲ್ಲಿಯೂ ಬಾರದ ಹಾಗೆ ನಾನು ನೋಡ್ಕೊಳ್ತೇನೆ. ನೀವು ಚಾರ್ಜ್ ನರ್ಸ್ ಅಲ್ವಾ, ನಿಮ್ಮದೊಂದು ಹೇಳಿಕೆ ಬೇಕು. ಕರಡು ನಾನೇ ಮಾಡಿ ಕಳಿಸಿದ್ದೇನೆ. ನಿಮ್ಮ ಇಕಾಮಾ ರಿನ್ಯೂವಲ್ ಕೂಡ ಬಂತಲ್ಲ ಮುಂದಿನ ತಿಂಗಳು?”

ಇಕಾಮಾ ಎಂದರೆ ಆ ದೇಶದಲ್ಲಿ ಉಳಿಯುವ ಪರವಾನಗಿ, ಆಸ್ಪತ್ರೆ ಮನಸ್ಸು ಮಾಡದೆ ಅದು ರಿನ್ಯೂ ಆಗುವುದಿಲ್ಲ. ಕರಡು ನೋಡಿದೆ. ‘ಸ್ಟಾಫ್ ನರ್ಸ್ ಶಹಲಾ ಅವರು ನಿಗದಿತ ಸಮಯಕ್ಕೆ ತಾಪಮಾನ ಪರೀಕ್ಷಿಸದೆ ಇದ್ದುದು ವಿಷಾದಪೂರ್ವಕವಾಗಿ ಕಂಡುಬಂದಿದೆ.’ ವಿಷಾದವಂತೆ! ಆದರೆ ನಾನು ಅದನ್ನು ಕೂಡಲೇ ಅಳಿಸಿ ಹಾಕಿದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಎರಡು ದಿನ ಇಟ್ಟುಕೊಂಡಿದ್ದೆ. ಕಳಿಸುವ ಯೋಚನೆಯೂ ಇತ್ತು. ಎಂಟು ವರ್ಷದ ಕೆಲಸ, ಇಕಾಮಾ, ಎಲ್ಲ ಕಣ್ಣೆದುರು ಬರುತ್ತಿತ್ತು. ನನ್ನ ಪುಕ್ಕಲುತನದ ಮೇಲೆ ನನಗೆ ಅಸಹ್ಯವಾಗುತ್ತಿತ್ತು, ಅಸಹ್ಯಪಟ್ಟುಕೊಂಡೇ ಊಟ ಮಾಡಿ ಮಲಗುತ್ತಿದ್ದೆ.

ಮೂರನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸಾಹೇಬರ ಫೋನ್ ಬಂತು.

“ಸಿಸ್ಟರ್, ಹನ್ನೆರಡು ಗಂಟೆಗೆ ಒಂದು ಸಿಸೇರಿಯನ್ ಉಂಟು, ಮೂವತ್ತೆರಡು ವಾರ. ಮೂರನೆಯದನ್ನು ರೆಡಿ ಮಾಡಿ ಇಡಿ.”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. “ಮೂರನೆಯದಾ? ಅದನ್ನು ಇನ್ನೂ ತೆಗೀಲಿಲ್ವಾ?”

“ಎಂತಕ್ಕೆ ತೆಗೀಬೇಕು? ಯಂತ್ರ ಸರಿ ಉಂಟು ಅಂತ ರಿಪೋರ್ಟೇ ಉಂಟಲ್ಲ. ನೀವೇನಾದ್ರೂ ಹಾಳಾಗಿದೆ ಅಂತ ಬರೆದು ಕೊಟ್ಟಿದ್ದೀರಾ?”

ಶಹಲಾಳ ತಪ್ಪು ಎಂದಾದರೆ ಯಂತ್ರದ ತಪ್ಪು ಇಲ್ಲವೆಂದೇ ಆಗುತ್ತಿತ್ತು. ಯಾವುದೋ ಹೆಂಗಸು ಅಲ್ಲಿ ಮೇಜಿನ ಮೇಲೆ ಮಲಗಲು ಸಿದ್ಧಳಾಗುತ್ತಿದ್ದಳು. ಅವಳ ಮಗುವನ್ನು ನಾನು ಇದೇ ಪೆಟ್ಟಿಗೆಯಲ್ಲಿ ಮಲಗಿಸಬೇಕು, ಮಲಗಿಸಿ ‘ಗಮನಿಸಲಾಗಿದೆ, ಧನ್ಯವಾದಗಳು’ ಎಂಬ ಉತ್ತರಕ್ಕೆ ಕಾಯಬೇಕು!

ಫೋನ್ ಕುಕ್ಕಿದೆ. ಮೂರನೆಯದರ ಪ್ಲಗ್ ಕಿತ್ತು, ಚಕ್ರದ ಲಾಕ್ ಒದ್ದು ಬಿಡಿಸಿ, ಅದನ್ನು ದರದರ ತಳ್ಳಿಕೊಂಡು ಹೋಗಿ ಕಾರಿಡಾರಿಗೆ ಹಾಕಿದೆ. ನೆಲ ಒರೆಸುತ್ತಿದ್ದ ಹೆಂಗಸು ಹೆದರಿ ಗೋಡೆಗೆ ಸರಿದಳು. ಬಂದು ಕಂಪ್ಯೂಟರಿನ ಮುಂದೆ ಕೂತೆ. ಬೆರಳು ತನ್ನಷ್ಟಕ್ಕೆ ‘ಮಾನ್ಯರೇ, ತಾವು ಕ್ಷೇಮವಾಗಿದ್ದೀರೆಂದು’ ಎಂದು ಹೊಡೆಯತೊಡಗಿತು. ಥೂ ಎಂದು ಅಳಿಸಿದೆ. ಆಮೇಲೆ ಬರೆದದ್ದು ಇಷ್ಟು:

‘ವಿಷಯ: ಮೂರನೇ ಇನ್‌ಕ್ಯುಬೇಟರ್ ಕೆಟ್ಟಿದೆ. ಇವತ್ತೇ ತೆಗೆಯಿರಿ.

ಡಾ. ಯಹ್ಯಾ ಅವರಿಗೆ,

ಮೂರನೇ ಇನ್‌ಕ್ಯುಬೇಟರ್ ಮಗುವಿನ ಮೈಬಿಸಿಯನ್ನು ಎರಡರಿಂದ ಮೂರೂವರೆ ಡಿಗ್ರಿ ಕಡಿಮೆ ತೋರಿಸುತ್ತದೆ. ಹಾಗಾಗಿ ಮಗುವನ್ನು ಅತಿಯಾಗಿ ಕಾಯಿಸುತ್ತದೆ. ಮಗುವನ್ನಿಟ್ಟು ನೋಡಿದರೆ ಮಾತ್ರ ಇದು ಗೊತ್ತಾಗುತ್ತದೆ, ಖಾಲಿ ಓಡಿಸಿದರೆ ಗೊತ್ತಾಗುವುದಿಲ್ಲ. ಮೇ 6ರಂದು ಇದನ್ನು ಮೊದಲು ಕಂಡುಹಿಡಿದು ನನಗೆ ಹೇಳಿದವಳು ಶಹಲಾ. ಅದೇ ದಿನ ನಾನು ಮುಝಫ್ಫರ್ ಅವರಿಗೆ ಫೋನಿನಲ್ಲಿ ತಿಳಿಸಿದೆ. ಯಂತ್ರದ ನಂಬರ್ ಬರೆಯಬೇಡಿ ಎಂದು ಅವರು ಹೇಳಿದರು, ನಾನು ಬರೆಯಲಿಲ್ಲ. ಅದು ನನ್ನ ತಪ್ಪು. ಜೂನ್ 30ರಂದು ಮಗುವನ್ನು ಅದರಲ್ಲಿ ಮಲಗಿಸಲು ಹೇಳಿದವಳೂ ನಾನೇ. ಆ ಹೊತ್ತಿಗೆ ಶಹಲಾ ಉಸಿರು ನಿಂತ ಇನ್ನೊಂದು ಮಗುವನ್ನು ಉಳಿಸುತ್ತಿದ್ದಳು. ಯಂತ್ರವನ್ನು ನಾನು ಈಗ ಹೊರಗೆ ಹಾಕಿದ್ದೇನೆ. ಹನ್ನೆರಡು ಗಂಟೆಗೆ ಹುಟ್ಟುವ ಮಗುವನ್ನು ಎಲ್ಲಿ ಮಲಗಿಸಬೇಕು ಎಂದು ಅದಕ್ಕೆ ಮೊದಲು ತಿಳಿಸಿ.

ವಸಂತಿ’

ಮುಝಫ್ಫರ್, ಝಿಯಾವುದ್ದೀನ್, ಶಹಲಾ ಮೂವರ ಹೆಸರನ್ನೂ ಸೇರಿಸಿ ಕಳಿಸಿಬಿಟ್ಟೆ. ಏಳೇ ನಿಮಿಷಕ್ಕೆ ಸಾಹೇಬರು ಓಡುತ್ತಾ ಬಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಎಂಟು ವರ್ಷದಲ್ಲಿ ಅದೊಂದೇ ಸಲ.

“ಎಂತ ಮಾಡಿದ್ರಿ ನೀವು? ಇದು ಬರೆಯುವ ರೀತಿಯಾ? ಇದಕ್ಕೆ ಪ್ರೊಫೆಷನಲ್ ಅಂತ ಹೇಳ್ತಾರಾ?”

“ಅದರಲ್ಲಿ ಯಾವುದು ಅರ್ಥ ಆಗ್ಲಿಲ್ಲ ನಿಮಗೆ, ಹೇಳಿ. ಬಿಡಿಸಿ ಹೇಳ್ತೇನೆ.”

“ನಿಮ್ಮನ್ನು ಕೂರಿಸ್ಕೊಂಡು ಕಲಿಸಿದ್ದು ನಾನು!”

“ಹೌದು, ಕಲಿಸಿದ್ರಿ. ಆ ಮಗುವಿನ ಅಪ್ಪನ ಹತ್ರ ಹೋಗಿ ಹೇಳಿ, ಬೆಡ್‌ಶೀಟ್ ಸಾಕಾಗ್ಲಿಲ್ಲ ಅಂತ. ಈಗ ನರ್ಸರಿಯಿಂದ ಹೊರಗೆ ನಡೀರಿ. ಮಕ್ಕಳು ಮಲಗಿದ್ದಾವೆ.”

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಡಾಕ್ಟರ್ ಯಹ್ಯಾ ಅವರ ಉತ್ತರ ಬಂತು. ಮೂರನೆಯದಕ್ಕೆ ಬೀಗ ಹಾಕಿ ಇಡಬೇಕು, ಹುಟ್ಟುವ ಮಗುವನ್ನು ದೊಡ್ಡಾಸ್ಪತ್ರೆಗೆ ಕಳಿಸಲು ಆಂಬುಲೆನ್ಸ್ ಹೇಳಿದ್ದೇನೆ ಎಂದಿತ್ತು. ಸಂಜೆಯೊಳಗೆ ಝಿಯಾವುದ್ದೀನ್ ಯಂತ್ರ ಬಿಚ್ಚಿದ. ಒಳಗಿನ ಒಂದು ಬೋರ್ಡ್ ಕೆಟ್ಟಿದೆ ಎಂದು ಅವನೇ ಬರೆದುಕೊಟ್ಟ. ಎರಡು ತಿಂಗಳಿಂದ ಆಗದಿದ್ದ ಕೆಲಸ!

ಮುಂದಿನ ವಾರ ತೀರ್ಮಾನ ಬಂತು. ಶಹಲಾಳ ಮೇಲೆ ತಪ್ಪಿಲ್ಲ, ಲೈಸೆನ್ಸ್ ಉಳಿಯಿತು. ಕೆಟ್ಟ ಯಂತ್ರವೆಂದು ಗೊತ್ತಿದ್ದೂ ಬಳಸಿದ್ದಕ್ಕೆ ನನ್ನ ಕೆಲಸ ಹೋಯಿತು, ದೇಶ ಬಿಟ್ಟು ಹೋಗಲು ಪಾಸ್‌ಪೋರ್ಟಿಗೆ ಫೈನಲ್ ಎಕ್ಸಿಟ್ ಹೊಡೆದರು. ಅದರಲ್ಲಿ ನನಗೆ ತಕರಾರಿಲ್ಲ. ಮುಝಫ್ಫರ್ ಸಾಹೇಬರಿಗೆ ಎಚ್ಚರಿಕೆ ಪತ್ರ ಕೊಟ್ಟರಂತೆ, ಅಷ್ಟೇ. ಆ ಮನುಷ್ಯ ಈಗಲೂ ಅಲ್ಲೇ ಕೂತು ಹೊಸ ಹುಡುಗಿಯರಿಗೆ ಮೇಲ್ ಬರೆಯಲು ಕಲಿಸುತ್ತಾರೆ ಎಂದು ಕೇಳಿದ್ದೇನೆ. ಅದನ್ನು ಯೋಚಿಸಿದರೆ ರಕ್ತ ಕುದಿಯುತ್ತದೆ.

ನನ್ನ ಕೊನೆಯ ಡ್ಯೂಟಿಯ ದಿನ ಶಹಲಾ ಮಧ್ಯಾಹ್ನದ ಪಾಳಿಗೆ ಬಂದಳು. ಅವಳಿಗೆ ಒಂದೊಂದು ಮಗುವಿನ ವಿಷಯ ಹೇಳಿ ಮುಗಿಸಿದೆ. ಎಲ್ಲ ಬರೆದುಕೊಂಡಳು. ನಿಜ ಹೇಳಬೇಕೆಂದರೆ, ಅವಳು ನನ್ನನ್ನು ತಬ್ಬಿಕೊಳ್ಳಬಹುದು, ಒಂದು ಥ್ಯಾಂಕ್ಸ್ ಆದರೂ ಹೇಳಬಹುದು ಎಂದು ನಾನು ಕಾದಿದ್ದೆ. ಅವಳಿಗಾಗಿ ಕೆಲಸ ಕಳೆದುಕೊಂಡವಳು ನಾನು ಎಂಬ ಜಂಬ ನನ್ನೊಳಗೆ ಆಗಲೇ ಬೆಳೆದಿತ್ತು.

“ಅಕ್ಕ, ನಿಮ್ಮ ಮೇಲ್ ಓದಿದೆ. ಎಲ್ಲ ಸರಿಯಾಗಿ ಬರೆದಿದ್ದೀರಿ” ಎಂದಳು. “ಬರೀಲಿಕ್ಕೆ ಎಷ್ಟು ಹೊತ್ತು ಬೇಕಾಯ್ತು ನಿಮಗೆ?”

“ಹತ್ತು ನಿಮಿಷ ಇರ್ಬಹುದು.”

ಅವಳು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡಳು. ಮುಖದಲ್ಲಿ ಸಿಟ್ಟು ಕಾಣಿಸಲಿಲ್ಲ, ಕಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

“ಹತ್ತೇ ನಿಮಿಷ” ಎಂದಳು. “ಮೇ ತಿಂಗಳಲ್ಲಿ ಆ ಹತ್ತು ನಿಮಿಷ ನಿಮಗೆ ಸಿಗ್ಲಿಲ್ವಾ ಅಕ್ಕ?”

ಮುಝಫ್ಫರ್, ಇನ್ಸ್‌ಪೆಕ್ಷನ್, ಇಕಾಮಾ, ಮೀಟಿಂಗಿನಲ್ಲಿ ನಕ್ಕವರು, ಎಲ್ಲವೂ ನಾಲಿಗೆಯ ತುದಿಗೆ ಬಂದವು. ಎಲ್ಲವನ್ನೂ ನುಂಗಿ, ವಾರ್ಡಿನ ಕೀಲಿಗೊಂಚಲು ಅವಳ ಮುಂದಿಟ್ಟೆ. ಅವಳು ಅದನ್ನು ಜೇಬಿಗೆ ಹಾಕಿ, ಕೈ ತೊಳೆದು, ಎರಡನೇ ಪೆಟ್ಟಿಗೆಯ ಮಗುವಿಗೆ ಹಾಲು ಕೊಡಲು ಹೋದಳು.